ಆಕ್ಟೇನ್ ಏರಿತು, ಮೈಲೇಜ್ ಇಳಿಯಿತು: ಇ20 ಪೆಟ್ರೋಲಿನ ಲೆಕ್ಕ ಹೇಳುವವರು ಯಾರು?

ಪೆಟ್ರೋಲ್ ವಿಷಯದಲ್ಲಿ ಈಗ ಎರಡು ಮಾತು ಓಡಾಡುತ್ತಿದೆ. 'ಗಾಡಿ ಮೊದಲಿನ ಹಾಗೆ ಮೈಲೇಜ್ ಕೊಡ್ತಾ ಇಲ್ಲ' ಎಂಬುದು ಗ್ಯಾರೇಜ್ ಮುಂದೆ ಕೇಳುವ ಮಾತು. 'ಪೆಟ್ರೋಲ್ ಈಗ ಇನ್ನೂ ಒಳ್ಳೆಯದಾಗಿದೆ, ಆಕ್ಟೇನ್ 95ಕ್ಕೆ ಏರಿದೆ' ಎಂಬುದು ಕೇಂದ್ರ ಸರಕಾರದ ಮಾತು. ಎರಡೂ ಸುಳ್ಳಲ್ಲ. ಆದರೆ ಜನ ಕೇಳುತ್ತಿರುವುದು ಮೈಲೇಜ್ ಬಗ್ಗೆ, ಉತ್ತರ ಬರುತ್ತಿರುವುದು ಆಕ್ಟೇನ್ ಬಗ್ಗೆ. ಇವೆರಡರ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ಗ್ರಾಹಕನ ಜೇಬಿಗೆ.

ಆಕ್ಟೇನ್ ಅಂದರೆ ಶಕ್ತಿ ಅಲ್ಲ

ಗಲ್ಫ್‌ನಲ್ಲಿ ಕಾರು ಓಡಿಸಿದವರಿಗೆ ಆಕ್ಟೇನ್ ಹೊಸ ಪದವಲ್ಲ. ಯುಎಇಯ ಪಂಪ್‌ಗಳಲ್ಲಿ ಸೂಪರ್ 98, ಸ್ಪೆಷಲ್ 95, ಇ-ಪ್ಲಸ್ 91 ಎಂದು ಸಂಖ್ಯೆ ಹೇಳಿಯೇ ಪೆಟ್ರೋಲ್ ಮಾರುತ್ತಾರೆ. ಸೌದಿಯಲ್ಲೂ 91, 95 ಎಂದೇ ಕೇಳಿ ಹಾಕಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟು ಪಿಕಪ್ ಹೆಚ್ಚು, ಮೈಲೇಜ್ ಹೆಚ್ಚು ಎಂಬ ನಂಬಿಕೆಯೂ ಹಲವರಲ್ಲಿದೆ. ಅದು ತಪ್ಪು.

ಎಂಜಿನ್‌ನ ಸಿಲಿಂಡರ್ ಒಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಬೆಂಕಿ ಒಂದು ಕಡೆಯಿಂದ ಕ್ರಮವಾಗಿ ಹರಡಬೇಕು. ಅದು ತಲುಪುವ ಮೊದಲೇ ಒತ್ತಡ ಮತ್ತು ಬಿಸಿಗೆ ಉಳಿದ ಮಿಶ್ರಣ ತಾನಾಗಿಯೇ ಸಿಡಿದರೆ ಎಂಜಿನ್‌ನಿಂದ 'ಟಕ ಟಕ' ಶಬ್ದ ಬರುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ ನಾಕಿಂಗ್ ಅನ್ನುತ್ತಾರೆ. ಇದು ಹೆಚ್ಚು ಕಾಲ ಮುಂದುವರಿದರೆ ಪಿಸ್ಟನ್ ಹಾಳಾಗುತ್ತದೆ.

ಹೀಗೆ ಮೊದಲೇ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋ ಆಕ್ಟೇನ್ ಎಂಬ ದ್ರವಕ್ಕೆ 100, ಸುಲಭವಾಗಿ ಸಿಡಿಯುವ ಹೆಪ್ಟೇನ್‌ಗೆ 0 ಎಂದು ಇಟ್ಟು, ಅದರ ನಡುವೆ ಪೆಟ್ರೋಲ್ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಲೀಟರ್ ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಇದೆ ಎಂಬುದಕ್ಕೂ ಈ ಸಂಖ್ಯೆಗೂ ನೇರ ಸಂಬಂಧ ಇಲ್ಲ.

ಹಾಗಾಗಿ 91 ಸಾಕು ಎಂದು ಕಂಪೆನಿಯೇ ಹೇಳಿರುವ ಸಾಮಾನ್ಯ ಕಾರಿಗೆ ಅದಕ್ಕಿಂತ ಹೆಚ್ಚಿನ ಆಕ್ಟೇನ್ ಹಾಕಿದರೆ ಹೇಳಿಕೊಳ್ಳುವಂಥ ಲಾಭ ಇಲ್ಲ. ಟರ್ಬೊ ಎಂಜಿನ್ ಅಥವಾ ಹೆಚ್ಚು ಕಂಪ್ರೆಷನ್ ಇರುವ ಎಂಜಿನ್‌ಗೆ 95 ಬೇಕು ಎಂದಿದ್ದರೆ ಮಾತ್ರ ಅದು ಅಗತ್ಯ. ಅಂಥ ಕಾರಿಗೆ ಕಡಿಮೆ ಆಕ್ಟೇನ್ ಹಾಕಿದರೆ ನಾಕ್ ಸೆನ್ಸರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳಿ ಎಂಜಿನ್ ಉಳಿಸುತ್ತದೆ. ಆದರೆ ಪಿಕಪ್ ಮತ್ತು ಮೈಲೇಜ್ ಎರಡೂ ಇಳಿಯುತ್ತವೆ.

ಎಥನಾಲ್ ಬಂದಾಗ ಆಗಿದ್ದೇನು?

2014ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಇದ್ದದ್ದು ಸುಮಾರು ಶೇ.1.5. 2022ರ ಜೂನ್‌ನಲ್ಲಿ ಅದು ಶೇ.10 ತಲುಪಿತು. 2030ಕ್ಕೆ ಇಟ್ಟಿದ್ದ ಶೇ.20ರ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಲಾಯಿತು. ಕಚ್ಚಾ ತೈಲದ ಆಮದು ತಗ್ಗುತ್ತದೆ, ಕಬ್ಬು ಮತ್ತು ಜೋಳ ಬೆಳೆಯುವ ರೈತರಿಗೆ ಮಾರುಕಟ್ಟೆ ಸಿಗುತ್ತದೆ ಎಂಬ ವಾದದಲ್ಲಿ ಹುರುಳಿದೆ.

ಎಥನಾಲ್‌ನ ಆಕ್ಟೇನ್ ಸಂಖ್ಯೆ 108ರ ಮೇಲಿದೆ. ಅದನ್ನು ಬೆರೆಸಿದಾಗ ಪೆಟ್ರೋಲಿನ ಆಕ್ಟೇನ್ ಏರುವುದು ಸಹಜ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ನಾಕಿಂಗ್ ತಡೆಯುವ ಗುಣ ಹೆಚ್ಚಿತು, ಲೀಟರಿನಲ್ಲಿರುವ ಶಕ್ತಿ ಇಳಿಯಿತು. ಏರಿದ ಆಕ್ಟೇನ್‌ನ ಲಾಭ ಪಡೆದು ಈ ನಷ್ಟ ಸರಿದೂಗಿಸಬೇಕಾದರೆ ಎಂಜಿನ್ ಅದಕ್ಕೆಂದೇ ತಯಾರಾಗಿರಬೇಕು.

ಇದು ಸರಕಾರಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. ಶೂನ್ಯ ಎಥನಾಲ್‌ಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇಂಧನ ಕ್ಷಮತೆ ಶೇ.6ರಿಂದ 7ರಷ್ಟು, ದ್ವಿಚಕ್ರ ವಾಹನಗಳಲ್ಲಿ ಶೇ.3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಈ ಇಳಿಕೆ ಶೇ.1ರಿಂದ 2 ಮಾತ್ರ.

ಜೇಬಿನ ಲೆಕ್ಕ

ತಿಂಗಳಿಗೆ 1,000 ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಹಳೆಯ ಕಾರು ಒಂದಿದೆ ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಿದ್ದದ್ದು ಸುಮಾರು 67 ಲೀಟರ್. ಮೈಲೇಜ್ ಶೇ.6 ಇಳಿದರೆ ಬೇಕಾಗುವುದು ಸುಮಾರು 71 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 400 ರೂಪಾಯಿಗಿಂತ ಮೇಲೆ, ವರ್ಷಕ್ಕೆ ಹೆಚ್ಚುಕಡಿಮೆ 5 ಸಾವಿರ ರೂಪಾಯಿ ಹೆಚ್ಚುವರಿ. ಹೊಸ ಕಾರು ಇರುವವನಿಗೆ ಇದು ನೂರು ರೂಪಾಯಿಯ ಆಸುಪಾಸಿನ ವಿಷಯ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಲೈನ್ ಸೇಲ್‌ಗೆ ಹೋಗುವ ಹುಡುಗನಿಗೆ ಹಾಗಲ್ಲ. ಹೊರೆ ಬೀಳುವುದು ಹಳೆ ಗಾಡಿ ಇಟ್ಟುಕೊಂಡವನ ಮೇಲೆ.

ಮಂಜೇಶ್ವರದ ಕಡೆಯವರು ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ ಎಂದು ತಲಪಾಡಿ ದಾಟಿ ಟ್ಯಾಂಕ್ ತುಂಬಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಲೀಟರಿನ ರೇಟ್ ನೋಡುವ ಈ ಜಾಣತನ ಇನ್ನು ಕಿ.ಮೀ.ಗೆ ಬೀಳುವ ಖರ್ಚಿನ ಮೇಲೂ ಇರಬೇಕು. ಫುಲ್ ಟ್ಯಾಂಕ್ ಮಾಡಿ ಮೀಟರ್ ಬರೆದಿಟ್ಟು, ಮುಂದಿನ ಫುಲ್ ಟ್ಯಾಂಕ್‌ಗೆ ಎಷ್ಟು ಲೀಟರ್ ಹಿಡಿಯಿತು ಎಂದು ಮೂರು ನಾಲ್ಕು ಸಲ ನೋಡಿದರೆ ಸತ್ಯ ಗೊತ್ತಾಗುತ್ತದೆ. 'ಪ್ರೀಮಿಯಂ' ಎಂದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲ ಎಂದು ಅರ್ಥವಲ್ಲ. ಕಾರಿನ ಮ್ಯಾನುವಲ್‌ನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್‌ನಲ್ಲಿ ಏನು ಬರೆದಿದೆ ಎಂದು ನೋಡಿಯೇ ಅದಕ್ಕೆ ಹಣ ಕೊಡಬೇಕು.

ಶೆಡ್‌ನಲ್ಲಿ ನಿಂತ ಕಾರುಗಳು

ಗಲ್ಫ್ ಕುಟುಂಬಗಳು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ರಜೆಗೆ ಬಂದಾಗ ಓಡಿಸಿ, ಆಮೇಲೆ ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಲ್ಲಿಸುವ ಕಾರುಗಳು ಊರಲ್ಲಿ ಬೇಕಾದಷ್ಟಿವೆ. ಎಥನಾಲ್ ತೇವ ಹೀರುತ್ತದೆ. ಮಳೆಗಾಲದ ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ನೀರಿನ ಅಂಶ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಟ್ಯಾಂಕ್‌ನ ತಳ ಸೇರುತ್ತವೆ. ಮೇಲೆ ಉಳಿಯುವ ಪೆಟ್ರೋಲಿನ ಆಕ್ಟೇನ್ ಕುಸಿಯುತ್ತದೆ. ಟ್ಯಾಂಕ್ ಅರ್ಧಂಬರ್ಧ ಬಿಡದೆ, ಮನೆಯವರು ಆಗಾಗ ಕಾರನ್ನು ಒಂದಿಷ್ಟು ದೂರ ಓಡಿಸುತ್ತಿದ್ದರೆ ಒಳ್ಳೆಯದು. ಹಳೆಯ ಗಾಡಿಗಳ ರಬ್ಬರ್ ಪೈಪ್, ಗ್ಯಾಸ್ಕೆಟ್‌ಗಳನ್ನು ಸರ್ವಿಸ್ ಸಮಯದಲ್ಲಿ ತಪ್ಪದೆ ನೋಡಿಸಬೇಕು. ಕೆಲವು ಹಳೆಯ ವಾಹನಗಳಲ್ಲಿ ಇವನ್ನು ಬೇಗ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೂ ಒಪ್ಪಿದೆ.

ಆಯ್ಕೆ ಎಲ್ಲಿದೆ?

ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗಬೇಕು ಎಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟಂಬರ್ 1ರಂದು ವಜಾಗೊಳಿಸಿತು. ಕೋರ್ಟಿನ ದಾರಿ ಮುಚ್ಚಿದರೂ ನೀತಿಯ ಪ್ರಶ್ನೆ ಉಳಿದಿದೆ. ಬ್ರಿಟನ್ 2021ರಲ್ಲಿ ಸಾಮಾನ್ಯ ಪೆಟ್ರೋಲನ್ನು ಇ10 ಮಾಡಿದಾಗ ಹಳೆಯ ವಾಹನಗಳಿಗಾಗಿ ಇ5 ಅನ್ನು ಸೂಪರ್ ಪೆಟ್ರೋಲ್ ರೂಪದಲ್ಲಿ ಉಳಿಸಿಕೊಂಡಿತು. ಪಂಪ್ ಮೇಲೆ ಲೇಬಲ್ ಅಂಟಿಸಿತು. ಭಾರತದಲ್ಲಿ ಇ20ಕ್ಕೆ ಸೂಕ್ತವಾದ ಬಿಡಿಭಾಗಗಳಿರುವ ವಾಹನಗಳು ಬರತೊಡಗಿದ್ದು 2023ರ ಎಪ್ರಿಲ್‌ನಿಂದ. ಅದಕ್ಕಿಂತ ಹಿಂದಿನ ಕೋಟ್ಯಂತರ ಗಾಡಿಗಳು ಇನ್ನೂ ರಸ್ತೆಯಲ್ಲಿವೆ.

ಮೈಲೇಜ್ ನಷ್ಟ ತುಂಬಿಕೊಡಲು ಎಥನಾಲ್ ಮಿಶ್ರ ಪೆಟ್ರೋಲಿಗೆ ತೆರಿಗೆ ರಿಯಾಯಿತಿ ಕೊಡಬೇಕು ಎಂಬ ಸಲಹೆಯೂ ನೀತಿ ಆಯೋಗದ ಅದೇ ವರದಿಯಲ್ಲಿತ್ತು. ವರದಿಯ ಎಥನಾಲ್ ಭಾಗ ಜಾರಿಗೆ ಬಂತು, ರಿಯಾಯಿತಿಯ ಭಾಗ ಪಂಪ್‌ನ ರೇಟ್ ಬೋರ್ಡಿನಲ್ಲಿ ಕಾಣಿಸಲಿಲ್ಲ. ದೇಶದ ವಿದೇಶಿ ವಿನಿಮಯ ಉಳಿಸುವ ಯೋಜನೆಯ ಖರ್ಚನ್ನು ಹಳೆ ಗಾಡಿಯವನೊಬ್ಬನೇ ಯಾಕೆ ಹೊರಬೇಕು? ಆಕ್ಟೇನ್ ಎಷ್ಟು, ಎಥನಾಲ್ ಎಷ್ಟು ಎಂದು ಪ್ರತಿ ಪಂಪ್‌ನಲ್ಲೂ ಸ್ಪಷ್ಟವಾಗಿ ಬರೆಯಲಿ. ಹಳೆಯ ವಾಹನಗಳಿಗೆ ಇ10 ಸಿಗಲಿ, ಅದು ಆಗದಿದ್ದರೆ ಕಡಿಮೆ ಶಕ್ತಿಯ ಇಂಧನಕ್ಕೆ ಕಡಿಮೆ ಬೆಲೆ ಇರಲಿ. ಹಣ ಕೊಟ್ಟು ಕೊಳ್ಳುವವನು ಇಷ್ಟನ್ನು ಕೇಳುವುದು ನ್ಯಾಯವೇ.