ನಿವೃತ್ತ ಯೋಧರ ನೆನಪುಗಳು

ನಿವೃತ್ತ ಯೋಧರು ನಾಲ್ವರು ಕೂಡಿದರೆ ಹಳೆಯ ದಂಡುಗಳ ಮಾತು, ಟ್ಯಾಂಕುಗಳ ಮಾತು ಏಳುವುದುಂಟು. ಇದನ್ನು ಕೆಲಸವಿಲ್ಲದವರ ಹರಟೆಯೆಂದು ನಗುವವರೂ ಉಂಟು. ನಾವು ಹಾಗೆ ನಗಲಾರೆವು.

1948ರ ಜೋಜಿ ಲಾ ಕಾಳಗವನ್ನೇ ನೋಡಬಹುದು. ಲಡಾಖಿನ ಹಾದಿಯನ್ನು ಶತ್ರುಗಳು ಆ ಘಾಟಿಯಲ್ಲಿ ತಡೆದಿದ್ದರು. ಕಾಲ್ದಳದ ದಾಳಿಗಳು ಫಲಿಸಲಿಲ್ಲ. ಆಗ ಕೊಡಗಿನ ತಿಮ್ಮಯ್ಯನವರು, ಹನ್ನೊಂದು ಸಾವಿರ ಅಡಿಗೂ ಎತ್ತರದ ಆ ಹಿಮದೊಳಕ್ಕೆ 7ನೆಯ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳನ್ನು ಏರಿಸಲು ನಿಶ್ಚಯಿಸಿದರು. ಗುಟ್ಟು ಬಯಲಾಗದಂತೆ ಅವುಗಳ ಫಿರಂಗಿಗೋಪುರಗಳನ್ನು ಕಳಚಿ ಸಾಗಿಸಲಾಯಿತು. ಬಾಲ್ತಾಲಿನಿಂದ ಮೇಲಕ್ಕೆ ದಾರಿ ಕಡಿದವರು ಮದ್ರಾಸ್ ಸ್ಯಾಪರುಗಳು. ಹೆಸರು ಮದ್ರಾಸಿನದಾದರೂ ಅವರ ಕೇಂದ್ರಸ್ಥಾನ ನಮ್ಮ ಬೆಂಗಳೂರೇ. ನವೆಂಬರ್ 1ರಂದು ಟ್ಯಾಂಕುಗಳು ಘಾಟಿಯನ್ನು ಹೊಕ್ಕವು, ಶತ್ರುಗಳು ಹಿಂದೆಗೆದರು.

ಇಷ್ಟು ಗ್ರಂಥಗಳಲ್ಲಿ ದೊರೆಯುವುದು. ಆದರೆ ಆ ಚಳಿಯಲ್ಲಿ ಹೆಪ್ಪುಗಟ್ಟಿದ ಕೈಗಳಿಂದ ಎಂಜಿನು ನಡೆಯಿಸಿದವನು ಏನನ್ನು ಕಂಡನು, ಗುದ್ದಲಿ ಹಿಡಿದವನು ಏನುಂಡನು ಎಂಬುದನ್ನು ಅವನೇ ಹೇಳಬೇಕಷ್ಟೆ. ಅಹಮದ್‌ನಗರದಲ್ಲಿ 1994ರಿಂದ ಟ್ಯಾಂಕುಗಳ ವಸ್ತುಸಂಗ್ರಹಾಲಯವಿದೆ. ಉಕ್ಕಿಗೆ ನೆರಳು ದೊರೆತುದು ಸಂತೋಷವೇ. 1948ರ ಯೋಧರಾದರೋ ಬಹುಮಟ್ಟಿಗೆ ಕಣ್ಮರೆಯಾದರು; 1971ರಲ್ಲಿ ಹೋರಾಡಿದವರೇ ಈಗ ಎಪ್ಪತ್ತು ದಾಟಿದ್ದಾರೆ.

ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿಗಳಿವೆ. ಪಿಂಚಣಿಯ ಕಾಗದಗಳನ್ನು ನೋಡುವ ಅಧಿಕಾರಿಗಳು ಈ ವೃದ್ಧರ ಮಾತನ್ನೂ ಕನ್ನಡದಲ್ಲಿಯೇ ಬರೆಯಿಸಿಡಬೇಕೆಂದು ನಾವು ಪ್ರಾರ್ಥಿಸುತ್ತೇವೆ. ಕೆಲಸವು ಕೊಡಗಿನಿಂದಲೇ ಆರಂಭವಾಗಲಿ.