ಕಡ ತಂದ ಡಾಕ್ಟರು

"ಏನೇ ಹೇಳಿ ಮಾಸ್ತರರೇ, ಇಂಗ್ಲಿಷರು ನಮಗೆ ದವಾಖಾನೆಗಳನ್ನು ಕೊಟ್ಟು ಹೋದರು" ಎಂದು ಕಿರಾಣಿ ಅಂಗಡಿಯ ಮಿತ್ರರೊಬ್ಬರು ಮೊನ್ನೆ ನಮ್ಮೊಡನೆ ವಾದಕ್ಕೆ ನಿಂತರು. ಅವರು ಪ್ರಾಮಾಣಿಕರು, ಕೇಳಿದ್ದನ್ನೇ ಹೇಳಿದರು. ಆದರೆ ಕೊಟ್ಟದ್ದು ಯಾರಿಗೆ ಎಂಬ ಲೆಕ್ಕ ತೆಗೆಯದೆ ಈ ಮಾತನ್ನು ಒಪ್ಪುವುದು ಹೇಗೆ?

ಲೆಕ್ಕ ಶುರುವಾಗುವುದು ದಂಡಿನಿಂದ. ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬುದು ಮೂಲತಃ ಕಂಪನಿ ಸರಕಾರದ ಸೈನ್ಯಕ್ಕಾಗಿ ಹುಟ್ಟಿದ ವೈದ್ಯರ ದಳ. 1857ರ ದಂಗೆ ಅಡಗಿದ ಮೇಲೆ, 1859ರಲ್ಲಿ, ಸೈನ್ಯದ ಆರೋಗ್ಯವನ್ನು ವಿಚಾರಿಸಲು ಬ್ರಿಟಿಷ್ ಸರಕಾರ ಒಂದು ಆಯೋಗವನ್ನು ನೇಮಿಸಿತು. 1863ರ ಅದರ ವರದಿಯಂತೆ, ಇಲ್ಲಿದ್ದ ಬಿಳಿಯ ಸೋಲ್ಜರರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಹೆಚ್ಚಿನವರು ಗುಂಡೇಟಿನಿಂದಲ್ಲ, ಜ್ವರ, ಭೇದಿ, ಕಾಲರಾದಿಂದ. ಕೂಡಲೇ ದಂಡಿನ ಚರಂಡಿ, ನೀರು, ಬರಾಕುಗಳ ಕಡೆ ಸರಕಾರದ ಕಣ್ಣು ಹರಿಯಿತು. ಹಡಗಿನಲ್ಲಿ ತರಿಸಿದ ಸೋಲ್ಜರ ದುಬಾರಿ ಮಾಲು. ವ್ಯಾಪಾರಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸಿಪಾಯಿಯಾದರೋ ಅಗ್ಗದ ಮಾಲು. ಬಿಳಿಯರಿಗೆ ಸ್ಟೇಷನ್ ಆಸ್ಪತ್ರೆಗಳಾಗಿ ದಶಕಗಳು ಕಳೆದರೂ ಇವನಿಗೆ ಪಲ್ಟಣದ ಬಡ ದವಾಖಾನೆಯೇ ಗತಿ. ಕಾಯಿಲೆ ಬಿದ್ದವನು ಹಾಸಿಗೆ ಬಟ್ಟೆಗಳನ್ನು ತಾನೇ ಹೊತ್ತು ತರಬೇಕು. ಅನ್ನದ ಏರ್ಪಾಡೂ ಅವನದೇ. ಈ ಪದ್ಧತಿ ಬದಲಾಗಲು 1918 ಬರಬೇಕಾಯಿತು.

ಅದೂ ಪುಕ್ಕಟೆ ಬರಲಿಲ್ಲ. 1915ರ ನವೆಂಬರಿನಲ್ಲಿ ಮೆಸಪೊಟೇಮಿಯದ, ಎಂದರೆ ಇಂದಿನ ಇರಾಕಿನ, ಟೆಸಿಫೋನ್ ಎಂಬಲ್ಲಿ ಕಾಳಗವಾಯಿತು. ಕೈಕಾಲು ಮುರಿದವರನ್ನು ಸ್ಪ್ರಿಂಗಿಲ್ಲದ ಸಾಮಾನು ಗಾಡಿಗಳ ಮೇಲೆ ಕುಲುಕುತ್ತ ನದಿಗೆ ಸಾಗಿಸಿದರು. ಅಲ್ಲಿಂದ ದೋಣಿಗಳಲ್ಲಿ ಒತ್ತೊತ್ತಾಗಿ ತುಂಬಿ ಬಸ್ರಾಕ್ಕೆ. ಗಾಯಾಳುಗಳು ದಿನಗಟ್ಟಲೆ ತಮ್ಮ ಮಲದಲ್ಲೇ ಬಿದ್ದಿದ್ದರು. ಬಸ್ರಾದಲ್ಲಿ ಇದನ್ನು ಕಂಡು ದೂರಿದ ಮೇಜರ್ ಕಾರ್ಟರ್ ಎಂಬ ವೈದ್ಯನನ್ನು ಮೇಲಿನವರು ಬಂಧಿಸುವುದಾಗಿ ಬೆದರಿಸಿದರು! (ಕಾರ್ಟರನೂ ಇಂಗ್ಲಿಷರವನೇ, ಮನುಷ್ಯತ್ವಕ್ಕೆ ಬಣ್ಣವಿಲ್ಲವೆಂಬುದನ್ನು ನಾವು ಮರೆಯಬಾರದು.) 1917ರಲ್ಲಿ ವಿಚಾರಣೆಯ ವರದಿ ಹೊರಬಿದ್ದು, ಭಾರತ ಮಂತ್ರಿ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟ. ದಿಲ್ಲಿ ಸರಕಾರ ಸೈನ್ಯದ ವೈದ್ಯಕೀಯದಲ್ಲಿ ಕಾಸು ಉಳಿಸಲು ಹೋದದ್ದು ಈ ಅನಾಹುತದ ಒಂದು ಬೇರು.

ಇನ್ನು ಜನರ ದವಾಖಾನೆಯ ಮಾತು. ಜಿಲ್ಲೆಯ ಸಿವಿಲ್ ಸರ್ಜನ್ ಅನೇಕ ಕಡೆ ಇದೇ ದಳದ ಅಧಿಕಾರಿ. ಜನಕ್ಕೆ ಅವನು ಕಡ ತಂದ ಡಾಕ್ಟರು. ಯುದ್ಧ ಬಂದರೆ ದಂಡು ಅವನನ್ನು ವಾಪಸು ಕರೆಸಿಕೊಳ್ಳುವುದು. 1914ರಿಂದ ಹಾಗೆಯೇ ಆಯಿತು. ಜಿಲ್ಲೆಗಳಲ್ಲಿ ವೈದ್ಯರ ಕುರ್ಚಿಗಳು ಬರಿದಾಗಿದ್ದ ಹೊತ್ತಿಗೇ 1918ರ ಇನ್‌ಫ್ಲುಯೆಂಜಾ ಬಂತು. ಈ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. ಎಲ್ಲರನ್ನೂ ಡಾಕ್ಟರು ಉಳಿಸುತ್ತಿದ್ದರೆಂದು ನಾವು ಹೇಳುವುದಿಲ್ಲ. ಆ ರೋಗಕ್ಕೆ ಆಗ ಮದ್ದಿರಲಿಲ್ಲ. ಆದರೆ ನೀರು ಕುಡಿಸಿ, ಗಂಜಿ ಕಾಯಿಸಿ ನೋಡಿಕೊಳ್ಳುವ ಏರ್ಪಾಡಾದರೂ ಬೇಡವೆ?

1947ರ ಆಗಸ್ಟಿನಲ್ಲಿ ಆ ಸರ್ವಿಸ್ ಮುಚ್ಚಿತು. ಇಷ್ಟನ್ನು ಕೇಳಿದ ಮಿತ್ರರು ಸ್ವಲ್ಪ ಹೊತ್ತು ತಕ್ಕಡಿ ನೋಡುತ್ತ ಕುಳಿತರು. ಆಮೇಲೆ ಕೇಳಿದರು: "ಹಾಗಾದರೆ ಮಾಸ್ತರರೇ, ಮಿಲ್ಲಿನ ದವಾಖಾನೆಯ ಡಾಕ್ಟರು ಆಳಿನ ನಾಡಿ ನೋಡುವುದು ಯಾರ ಲೆಕ್ಕಕ್ಕೆ? ಆಳಿನ ಲೆಕ್ಕಕ್ಕೋ, ಮುಂದಿನ ಪಾಳಿಯ ಲೆಕ್ಕಕ್ಕೋ?" ಭಾನುವಾರದ ಗೇಟ್ ಸಭೆಯಲ್ಲಿ ನಾವು ಈ ಪ್ರಶ್ನೆಯನ್ನು ಎತ್ತಲಿದ್ದೇವೆ, ಅವರೂ ಅಂಗಡಿ ಮುಚ್ಚಿ ಬರುವುದಾಗಿ ಒಪ್ಪಿದ್ದಾರೆ.