ಬೀಳುವುದು ಮುಪ್ಪಿನ ಹಣೆಬರಹವೇ?

ರಾಯಚೂರು ತಾಲೂಕಿನ ಚಂದ್ರಬಂಡದಂಥ ಊರಿನಲ್ಲಿ ನಸುಕಿಗೆ ಬಚ್ಚಲಿಗೆ ಹೋದ ಅಜ್ಜಿ ಕಾಲು ಜಾರಿ ಬೀಳುತ್ತಾಳೆ. ಮಗ ಓಡಿ ಬಂದರೆ ‘ಏನೂ ಆಗಿಲ್ಲ ಬಿಡಪ್ಪ’ ಎನ್ನುತ್ತಾಳೆ. ಆಸ್ಪತ್ರೆಯ ಖರ್ಚಿನ ಭಯ ಒಂದು. ಇನ್ನು ಗುಡಿಗೂ ಹೊಲಕ್ಕೂ ಒಬ್ಬಳನ್ನೇ ಬಿಡಲಾರರು ಎಂಬ ಭಯ ಅದಕ್ಕಿಂತ ದೊಡ್ಡದು. ‘ವಯಸ್ಸಾಯಿತಲ್ಲ’ ಎಂದು ಮನೆಯವರೂ ಸುಮ್ಮನಾಗುತ್ತಾರೆ.

ಸುಮ್ಮನಾಗುವ ವಿಷಯ ಇದಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇವರಲ್ಲಿ ವಯಸ್ಸಾದವರೇ ಹೆಚ್ಚು. ಸೊಂಟದ ಮೂಳೆ ಮುರಿದರೆ, ಬದುಕಿ ಉಳಿದವರಲ್ಲಿಯೂ ಅನೇಕರು ಮೊದಲಿನಂತೆ ನಡೆಯಲಾರರು.

ನೆಟ್ಟಗೆ ನಿಲ್ಲುವುದು ಸುಲಭವೆಂದು ತೋರುತ್ತದೆ. ಆದರೆ ದೇಹದ ಗುರುತ್ವ ಕೇಂದ್ರದಿಂದ ಕೆಳಕ್ಕೆ ಎಳೆದ ಗೆರೆ ಪಾದಗಳು ಆವರಿಸಿದ ಜಾಗದೊಳಗೇ ಇರಬೇಕು. ಅದು ಹೊರಗೆ ಸರಿಯುತ್ತಿದೆ ಎಂಬ ಸುದ್ದಿಯನ್ನು ಕಣ್ಣು, ಒಳಗಿವಿ ಮತ್ತು ಪಾದ-ಕೀಲುಗಳ ನರಗಳು ಮೆದುಳಿಗೆ ಮುಟ್ಟಿಸುತ್ತವೆ. ತೊಡೆ, ಮೀನಖಂಡಗಳು ಕ್ಷಣದಲ್ಲಿ ದೇಹವನ್ನು ಸಾವರಿಸುತ್ತವೆ. ಕಣ್ಣಿಗೆ ಪೊರೆ ಬಂದಾಗ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಾಗ ಸುದ್ದಿ ತಪ್ಪುತ್ತದೆ. ಸ್ನಾಯು ಸೊರಗಿದಾಗ ಸಾವರಿಕೆ ತಡವಾಗುತ್ತದೆ. ನಿದ್ರೆಯ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆಗಳೂ ತೂಕಡಿಕೆ, ತಲೆಸುತ್ತು ತರಬಲ್ಲವು. ರಾಯಚೂರು ಜಿಲ್ಲೆಯ ಕೆಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಹುಕಾಲ ಕುಡಿದರೆ ಕೀಲುಗಳು ಬಿಗಿಯುತ್ತವೆ.

ಒಮ್ಮೆ ಬಿದ್ದವರು ಹೆದರಿ ಮೂಲೆ ಹಿಡಿದರೆ ಕಾಲಿನ ಕಸುವು ಇನ್ನಷ್ಟು ಇಳಿಯುತ್ತದೆ. ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಈ ಸುಳಿಯಿಂದ ಹೊರಬರುವ ದಾರಿ ವ್ಯಾಯಾಮ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಕ್ರಮವೊಂದನ್ನು ರೂಪಿಸಿದರು. ಕಲಿಸುವವರು ಮನೆಗೇ ಬರುತ್ತಿದ್ದರು. ಅದರ ನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವುದು ಶೇ. 35ರಷ್ಟು ಕಡಿಮೆಯಾಗಿತ್ತು. ಆಸ್ಟ್ರೇಲಿಯಾದಲ್ಲಿ 70 ದಾಟಿದ 503 ಮಂದಿಯನ್ನು ಸೇರಿಸಿಕೊಂಡು ಇನ್ನೊಂದು ಪ್ರಯೋಗ ನಡೆಯಿತು. ಅವರಲ್ಲಿ ಒಂದು ಗುಂಪಿಗೆ ಟ್ಯಾಬ್ಲೆಟ್ ನೋಡಿಕೊಂಡು ಸಮತೋಲನದ ವ್ಯಾಯಾಮ ಮಾಡಲು ಹೇಳಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ವರ್ಷ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷಕ್ಕೆ ಬೀಳುವುದು ಶೇ. 16ರಷ್ಟು ತಗ್ಗಿತ್ತು. ಪರದೆಯ ಪಾಠವೂ ಫಲ ಕೊಡುತ್ತದೆ, ಆದರೆ ತಾಳ್ಮೆ ಬೇಕು.

ಹಳ್ಳಿಯಲ್ಲಿ ಎರಡನ್ನೂ ಕೂಡಿಸಿಕೊಳ್ಳಬಹುದು. ಫೋನು ಮೊಮ್ಮಗನ ಕೈಯಲ್ಲಿದೆ. ಅಜ್ಜಿಯ ಪಕ್ಕ ನಿಲ್ಲಲೂ ಅವನೇ ಇದ್ದಾನೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು ಕೂತು ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ತಾಗಿಸಿ ನಡೆಯುವುದು ಮುಖ್ಯವಾದವು. ಈಗಾಗಲೇ ಬಿದ್ದವರು, ತಲೆಸುತ್ತು ಇರುವವರು ಮೊದಲು ವೈದ್ಯರಿಗೆ ತೋರಿಸಿ, ನುಂಗುವ ಮಾತ್ರೆಗಳನ್ನೆಲ್ಲ ಅವರ ಮುಂದಿಡಬೇಕು.

ಮನೆಯಲ್ಲೂ ಸ್ವಲ್ಪ ಕೆಲಸವಿದೆ. ಬಚ್ಚಲಿನ ಪಾಚಿ ಉಜ್ಜಬೇಕು, ನುಣುಪು ಕಲ್ಲನ್ನು ಒರಟು ಮಾಡಿಸಬೇಕು, ಗೋಡೆಗೆ ಹಿಡಿಯಲು ಕಂಬಿ ಹಾಕಿಸಬೇಕು. ಹೊಸ್ತಿಲ ಬಳಿ ರಾತ್ರಿ ದೀಪವಿರಲಿ. ಊರುಗೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು.

ಎಲ್ಲಕ್ಕಿಂತ ಮೊದಲು, ಅಜ್ಜಿ ಬಿದ್ದದ್ದನ್ನು ಬಚ್ಚಿಡದಂಥ ಮನೆ ಇರಬೇಕು. ಬೈಗುಳಕ್ಕೆ ಹೆದರಿದವಳು ಹೇಳುವುದಿಲ್ಲ. ‘ನಾಳೆಯಿಂದ ಗುಡಿಗೆ ಬೇಡ’ ಎನ್ನುವ ಬದಲು ‘ಕೈ ಹಿಡಿ, ಹೋಗೋಣ’ ಎಂದರೆ ಅವಳ ಕಾಲಿಗೂ ಬಲ ಬರುತ್ತದೆ.